ಹದಿನೆಂಟು ದಿನದ ಡಬ್ಬ

ವೀಕ್ಷಣಾಲಯದ ಅಳತೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಡಬ್ಬದಮ್ಮ ಎಂದೇ ಕರೆಯುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಅವಳ ಡಬ್ಬಗಳ ಸಾಲು: ಗುಳಿಗೆಯದು, ಬಣ್ಣದ್ದು, ಬಿಸ್ಕತ್ತಿನದು. ನಕ್ಷತ್ರದ ಬೆಳಕು ದಿನದಿನಕ್ಕೆ ಏರಿಳಿದ ಗೆರೆಯನ್ನು ದಿನಕ್ಕೊಂದು ಬೆರಳಗಲದ ಲೆಕ್ಕದಲ್ಲಿ ತೆಳು ಕಾಗದದ ಪಟ್ಟಿಯ ಮೇಲೆ ಎಳೆದು, ಡಬ್ಬಕ್ಕೆ ಸುತ್ತಿ ನೋಡುವುದು ಅವಳ ಪದ್ಧತಿ. ನಕ್ಷತ್ರದ ಕಪ್ಪು ಕಲೆ ನಮ್ಮ ಕಡೆ ತಿರುಗಿದಾಗ ಬೆಳಕು ತಗ್ಗುತ್ತದೆ. ಸುತ್ತಿದ ಪಟ್ಟಿಯಲ್ಲಿ ತಗ್ಗಿನ ಮೇಲೆ ತಗ್ಗು ಕೂತರೆ, ಆ ಡಬ್ಬದ ಸುತ್ತಳತೆಯೇ ನಕ್ಷತ್ರ ಒಮ್ಮೆ ತಿರುಗಲು ಹಿಡಿಯುವ ದಿನಗಳು. ಈಗ ಆ ಕೆಲಸ ಕಂಪ್ಯೂಟರಿನ ಪಾಲಾಗಿತ್ತು. ಡಬ್ಬಗಳಲ್ಲಿ ಪೆನ್ಸಿಲುಗಳಿದ್ದವು.

ಆ ಬೆಳಿಗ್ಗೆ ಹೊಸ ಮುಖ್ಯಸ್ಥ ಅವಳ ಮೇಜಿನ ಮೇಲೆ ನಕ್ಷೆಯೊಂದನ್ನು ಹರಡಿದ. ಸೂರ್ಯನಂಥ ನಲವತ್ತು ನಕ್ಷತ್ರಗಳು, ಒಂದೊಂದಕ್ಕೆ ಒಂದು ಚುಕ್ಕಿ: ಅಡ್ಡಕ್ಕೆ ತಿರುಗುವ ದಿನಗಳು, ಎತ್ತರಕ್ಕೆ ಕಾಂತಬಲ. ಬೇಗ ತಿರುಗುವವುಗಳಲ್ಲಿ ಕಾಂತಬಲದ ಗಲಾಟೆ ಜಾಸ್ತಿ, ನಿಧಾನದವು ತಣ್ಣಗೆ. ಮೂವತ್ತೊಂಬತ್ತು ಚುಕ್ಕಿಗಳು ಒಂದು ಓರೆ ಗೆರೆಯ ಆಸುಪಾಸಿನಲ್ಲೇ ಇದ್ದವು. ಒಂದು ಮಾತ್ರ ಎಲ್ಲೋ ಕೆಳಗೆ ಬಿದ್ದಿತ್ತು.

“ಇದು ನಿಮ್ಮ ನಕ್ಷತ್ರನೇ ಅಮ್ಮ. ಒಂಬತ್ತು ದಿನಕ್ಕೊಂದು ಸಲ ಗಿರಗಿರ ತಿರುಗ್ತಿದೆ. ನಿಮ್ಮ ಕಾಂತಬಲದ ಅಳತೆ ನೋಡಿದ್ರೆ ನಿದ್ದೆ ಹೊಡೀತಿದೆ. ಅಳತೇನೇ ತಪ್ಪಿರ್ಬೇಕು. ಮಧ್ಯಾಹ್ನ ವರದಿ ಕಳಿಸೋ ಮುಂಚೆ ತೆಗೆದುಹಾಕ್ತೀನಿ.”

ಡಬ್ಬದಮ್ಮ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು. ಆ ನಕ್ಷತ್ರದ ಬೆಳಕನ್ನು ಬಿಡಿಸಿ ತೆಗೆದ ಚಿತ್ರಗಳಲ್ಲಿ ಕಾಂತಬಲದ ಗುರುತನ್ನು ಮಸೂರ ಹಿಡಿದು ಹನ್ನೆರಡು ವರ್ಷ ಅಳೆದವಳು ಅವಳು. ಒಂದೇ ಒಂದು ಅಂಕಿಯನ್ನೂ ಕಣ್ಣಂದಾಜಿಗೆ ಬರೆದಿರಲಿಲ್ಲ.

“ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆಯಲ್ಲಪ್ಪ,” ಎಂದು ಬಣ್ಣದ ಡಬ್ಬದಿಂದ ಪೆನ್ಸಿಲುಗಳನ್ನು ಮೇಜಿಗೆ ಸುರಿದಳು. ಅದರ ಸುತ್ತು ಒಂಬತ್ತು ದಿನ. ಆ ನಕ್ಷತ್ರದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ತಗ್ಗಿನ ಮೇಲೆ ತಗ್ಗು ಕೂತಿತು.

“ನೋಡಿ, ನಿಮ್ಮ ಡಬ್ಬಾನೂ ಕಂಪ್ಯೂಟರ್ ಪಕ್ಷ ಸೇರ್ತು,” ಎಂದು ಅವನು ನಕ್ಕ.

ಅವಳು ಡಬ್ಬವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ತಗ್ಗುಗಳ ಜಾಗವೇನೋ ಒಂದೇ, ಆಳ ಒಂದೇ ಆಗಿರಲಿಲ್ಲ. ಒಂದು ಆಳ, ಮುಂದಿನದು ಕೊಂಚ ಮೇಲೆ, ಮತ್ತೆ ಆಳ. ದೂರದಿಂದ ಒಬ್ಬಳೇ ಎನಿಸುವ ಅಕ್ಕತಂಗಿಯರ ಹಾಗೆ.

“ಆ ಬಿಸ್ಕತ್ತಿನ ಡಬ್ಬ ಕೊಡು.”

ಅದರ ಸುತ್ತು ಹದಿನೆಂಟು ದಿನ. ಈ ಸಲ ಆಳದ ಮೇಲೆ ಆಳ ಕೂತಿತು, ಆಳ ಕಡಿಮೆಯದರ ಮೇಲೆ ಆಳ ಕಡಿಮೆಯದು. ಎಷ್ಟು ಸುತ್ತು ಸುತ್ತಿದರೂ ಒಂದೇ ಗೆರೆ ಎಳೆದಂತಿತ್ತು.

“ಕಲೆ ಒಂದಲ್ಲ, ಎರಡು,” ಎಂದಳು. “ಒಂದು ಮುಂದೆ, ಒಂದು ಬೆನ್ನಿಗೆ. ಅರ್ಧ ಸುತ್ತನ್ನೇ ನಿನ್ನ ಯಂತ್ರ ಪೂರ್ತಿ ಸುತ್ತು ಅಂತ ಎಣಿಸಿದೆ. ಇವಳು ನನ್ನ ಹಾಗೆ ನಿಧಾನದವಳು ಕಣಪ್ಪ. ವಯಸ್ಸಾಗಿದೆ. ಇನ್ನೇನು ಗಲಾಟೆ ಮಾಡ್ತಾಳೆ?”

ಮುಖ್ಯಸ್ಥ ತಗ್ಗುಗಳನ್ನು ಎರಡು ಸಲ ಎಣಿಸಿದ. ಆಮೇಲೆ ಮೇಜಿನಿಂದ ಒಂದು ಪೆನ್ಸಿಲ್ ಎತ್ತಿಕೊಂಡ. ಅವಳ ಅಳತೆಯ ಎತ್ತರವನ್ನು ಕೂದಲೆಳೆಯಷ್ಟೂ ಕದಲಿಸದೆ, ಚುಕ್ಕಿಯನ್ನು ಒಂಬತ್ತರಿಂದ ಹದಿನೆಂಟಕ್ಕೆ ಪಕ್ಕಕ್ಕೆ ಸರಿಸಿದ. ಅದು ನೇರ ಹೋಗಿ ಓರೆ ಗೆರೆಯ ಮೇಲೆ ಕೂತಿತು.

ಹೊರಗೆ ಹೋದವನು ಕಂಕುಳ ತುಂಬ ಕಾಗದ ಹೊತ್ತು ಬಂದ.

“ಗೆರೆ ಮೇಲೆ ಕೂರಲಿಲ್ಲ ಅಂತ ಮೊದಲೇ ಆರು ನಕ್ಷತ್ರಗಳನ್ನ ಹೀಗೇ ಕೈಬಿಟ್ಟಿದ್ದೆ. ವರದಿ ನಾಳೆ ಹೋಗ್ಲಿ. ಇವನ್ನೂ ಸುತ್ತಿ ನೋಡಿ ಅಮ್ಮ.”

ಡಬ್ಬದಮ್ಮ ಕುರ್ಚಿಯನ್ನು ಕಿಟಕಿಯ ಬಿಸಿಲಿಗೆ ಎಳೆದುಕೊಂಡು ಕೂತಳು.

“ನೀನು ಸುತ್ತು,” ಎಂದಳು. “ನಾನು ನೋಡ್ತೀನಿ.”