ರಾಗಿ ಡಬ್ಬಿಯ ಹಿಂದಿನ ಅರ್ಜಿ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಉಣ್ಣಲು ಕೂತ ಯಜಮಾನರು ತಟ್ಟೆಯಲ್ಲಿದ್ದ ಉಪ್ಪಿನಕಾಯಿಯನ್ನು ಎತ್ತಿ ಅತ್ತ ಇಟ್ಟರು.

“ಸಿಸ್ಟರಮ್ಮ ಉಪ್ಪು ಬ್ಯಾಡ ಅಂದವ್ರೆ.”

“ನಾನು ಬ್ಯಾಡ ಅಂದಾಗ ಕಿವಿ ಎಲ್ಲಿಟ್ಟಿದ್ರಿ?”

“ನೀನೇನ್ ನರ್ಸ್ ಓದಿದ್ದೀಯೇನೇ, ಬುಡು.”

ಮೈಯೆಲ್ಲ ಉರಿಯಿತು. ನಮ್ಮೂರ ಸಬ್ ಸೆಂಟರಿಗೆ ಬಂದಿರುವ ಭುವನಾ ಸಿಸ್ಟರಿಗೆ ನಮ್ಮ ಮೊಮ್ಮಗಳ ವಯಸ್ಸು. ಬಿ.ಪಿ. ನೋಡುತ್ತಾಳೆ, ಡಾಕ್ಟರನ್ನು ಫೋನಿನಲ್ಲಿ ಕೇಳಿ ತಾನೇ ಮಾತ್ರೆ ಕೊಡುತ್ತಾಳೆ. ಅವಳ ಹತ್ತಿರ ಹೋಗುವ ದಿನ ಇವರಿಗೆ ಒಗೆದ ಪಂಚೆಯೇ ಆಗಬೇಕು.

ಇನ್ನು ಮೇಲೆ ನರ್ಸುಗಳು ಮಾತ್ರೆ ಕೊಡಕೂಡದು, ಡಾಕ್ಟರೇ ಕೊಡಬೇಕು ಎಂಬ ಮಾತು ಹಬ್ಬಿತ್ತು. ಹಾಗಾದರೆ ಊರಿನ ಮುದುಕರೆಲ್ಲ ಮಾತ್ರೆಗಾಗಿ ಮಧುಗಿರಿ ಬಸ್ಸು ಹತ್ತಬೇಕು. ನಮ್ಮ ಸಿಸ್ಟರೇ ಕೊಡಲಿ ಎಂದು ಊರವರು ಅರ್ಜಿ ಬರೆಸಿದರು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಾನೇ ಬರೆದೆ. ಅಂಚೆಗೆ ಹಾಕುತ್ತೇನೆಂದು ಇಸಿದುಕೊಂಡವಳೂ ನಾನೇ. ಯುಗಾದಿ ಕಳೆದರೂ ಅದು ರಾಗಿ ಡಬ್ಬಿಯ ಹಿಂದೆಯೇ ಇತ್ತು. ಅವಳು ಕೊಡುವುದು ನಿಂತರೆ ನಿಲ್ಲಲಿ, ಇವರು ನನ್ನ ಮಾತು ಕೇಳಲಿ!

ಬೀಜದ ಮೊರ ಹಿಡಿದು ಎದ್ದೆ. ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ಇವರು ಓಡಿಹೋಗಿ ಭುವನಾಳನ್ನೇ ಕರೆತಂದರು. ಅವಳು ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಿ.ಪಿ. ಪಟ್ಟಿ ಸುತ್ತಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು.

“ಎಷ್ಟು ದಿನದಿಂದ ಹಿಂಗೆ ಆಗ್ತಿದೆ ಅಜ್ಜಿ?”

“ಅವ್ಳಿಗೇನೂ ಇಲ್ಲ ಸಿಸ್ಟರಮ್ಮ, ಒತ್ತಾರೆ ಹಿಟ್ಟು ತಿಂದಿಲ್ಲ ಅಷ್ಟೆ.”

“ಕದರಪ್ಪ ತಾತ, ನೀವು ಸುಮ್ನಿರಿ. ನಾನು ಕೇಳಿದ್ದು ಅಜ್ಜೀನ.”

ನಾನು ಮೊಣಕಾಲು ನೋವಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಬಿ.ಪಿ.ಗೆ ಒಂದು, ರಕ್ತ ಕಮ್ಮಿಗೆ ಒಂದು ಮಾತ್ರೆ ಕೊಟ್ಟಳು.

“ಅವ್ಳಿಗೆ ಎಲ್ಡು ಥರದ್ದು, ನಂಗೆ ಒಂದೇನಾ?” ಇವರ ಮುಖ ಸಪ್ಪಗಾಯಿತು.

“ಇವು ಮುಗುದ್ಮೇಲೆ ನೀನೇ ಕೊಡ್ತೀಯೇನವ್ವಾ?” ಎಂದೆ.

“ಮೇಲಿನವ್ರು ಒಪ್ಪಿದ್ರೆ ಕೊಡ್ತೀನಿ. ಅರ್ಜಿ ಹೋಯ್ತಲ್ಲ ಅಜ್ಜಿ?”

“ಹೋಗ್ತೈತೆ ಕಣಮ್ಮ.”

ಮಾರನೆಯ ದಿನ ಅರ್ಜಿಯ ಲಕೋಟೆಗೆ ಮೆತ್ತಿದ್ದ ರಾಗಿ ಹಿಟ್ಟನ್ನು ಸೆರಗಿನಿಂದ ಒರೆಸಿದೆ.

“ಇಲ್ ತತ್ತಾ, ನಾನು ಹಾಕ್ಬತ್ತೀನಿ” ಎಂದರು ಯಜಮಾನರು, ಪಂಚೆ ಸರಿಮಾಡಿಕೊಳ್ಳುತ್ತಾ. ಅಂಚೆ ಡಬ್ಬಿ ಇರುವುದು ಸಬ್ ಸೆಂಟರಿನ ಪಕ್ಕದಲ್ಲೇ.

“ನೀವು ಮನೇಲಿರಿ.”

ಒಗೆದ ಸೀರೆ ಉಟ್ಟು ಹೋಗಿ, ಲಕೋಟೆಯನ್ನು ನಾನೇ ಡಬ್ಬಿಗೆ ಹಾಕಿದೆ.