ಅತ್ತಿಗೆಯ ಕಿತ್ತಳೆ ಮರ

ತಂಗಿ ಕ್ಯಾಮೆರಾ ಕಟ್ಟಿಕೊಂಡು ತೋಟಕ್ಕೆ ಬಂದದ್ದು ಅಣ್ಣ ಕರೆದಿದ್ದಕ್ಕೇ. ಸುತ್ತಮುತ್ತಲ ಕಿತ್ತಳೆ ತೋಟಗಳಿಗೆ ಮದ್ದಿಲ್ಲದ ರೋಗ ಕಾಲಿಟ್ಟಿತ್ತು. ಎಳ್ಳಿನಷ್ಟಿರುವ ಹುಳುವೊಂದು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತಿತ್ತು. ಎಲೆ ಹಳದಿಯಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಅಕ್ಕಪಕ್ಕದ ಮರಗಳ ಕಥೆಯೂ ಮುಗಿದಿರುತ್ತಿತ್ತು. ತಂಗಿಯ ಸಂಶೋಧನಾ ಕೇಂದ್ರದವರು ತರಿಸಿದ್ದ ಆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುತ್ತಿತ್ತು. ಒಳಗೊಳಗೇ ಸೊರಗುತ್ತಿರುವ ಎಲೆ ಎಷ್ಟೇ ಹಸಿರಾಗಿ ಕಂಡರೂ ಪರದೆಯ ಮೇಲೆ ಕೆಂಪಾಗಿ ಬೀಳುತ್ತಿತ್ತು.

"ನೋಡೇ, ನಿನ್ನ ಹೊಟ್ಟೇಲಿ ಏನಿದೆ ಅಂತಾನೂ ಇದರಲ್ಲಿ ಕಾಣಿಸುತ್ತೆ," ಎಂದು ಅಣ್ಣ ಹೆಂಡತಿಯನ್ನು ರೇಗಿಸಿದ.

"ನನ್ನ ಹೊಟ್ಟೇಲಿ ಇರೋದು ನೀವು ಉರಿಸಿರೋ ಉರಿ ಒಂದೇ," ಎಂದಳು ಅತ್ತಿಗೆ. ಮೂವರೂ ನಕ್ಕರು.

ತೋಟದಲ್ಲಿ ನಗು ಉಳಿಯಲಿಲ್ಲ. ಬೇಲಿಗೆ ಅಂಟಿಕೊಂಡ ಸಾಲು ಪೂರ್ತಿ ಕೆಂಪಾಗಿತ್ತು. ತಂಗಿ ಕ್ಯಾಮೆರಾದ ಮುಂದೆ ಬಿಳಿ ಹಲಗೆ ಇಟ್ಟು, ಬೆಳಕಿನ ಅಳತೆಯನ್ನು ಮತ್ತೆ ಸರಿಹೊಂದಿಸಿ ನೋಡಿದಳು. ಕೆಂಪೇ. ಕೊನೆಗೆ ಅಡುಗೆಮನೆಯ ಹಿಂದಿದ್ದ ಒಂಟಿ ಮರಕ್ಕೆ ಕ್ಯಾಮೆರಾ ತಿರುಗಿಸಿದಳು. ಅತ್ತಿಗೆ ಮದುವೆಯಾಗಿ ಬರುವಾಗ ಅವಳ ಅಮ್ಮ ಡಬ್ಬಿಯಲ್ಲಿ ನೆಟ್ಟು ಕೊಟ್ಟಿದ್ದ ಗಿಡ ಅದು. ಹಣ್ಣು ಹುಳಿಯೋ ಹುಳಿ. "ಥೇಟ್ ನಮ್ಮತ್ತೆಯ ಮಾತು," ಎಂದು ಅಣ್ಣ ಹಲ್ಲು ಕಿರಿದುಕೊಂಡೇ ತಿನ್ನುತ್ತಿದ್ದ. ಆ ಅಮ್ಮ ಈಗಿರಲಿಲ್ಲ, ತವರುಮನೆಯೂ ಮಾರಿಹೋಗಿತ್ತು. ಪಾತ್ರೆ ತೊಳೆಯುವಾಗ ಅತ್ತಿಗೆ ಆ ಮರದ ಜೊತೆ ಮಾತಾಡುವುದನ್ನು ತಂಗಿಯೇ ಎಷ್ಟೋ ಸಲ ಕೇಳಿದ್ದಳು.

ಆ ಮರವೂ ಕೆಂಪಾಗಿ ಕಂಡಿತು.

"ಇದು ಬರೀ ಅನುಮಾನ ಅಣ್ಣ. ಎಲೆ ಕಿತ್ತು ಪ್ರಯೋಗಾಲಯಕ್ಕೆ ಕೊಡ್ತೀನಿ. ವರದಿ ಬರ್ಲಿ," ಎಂದಳು ತಂಗಿ. ಅಣ್ಣ ಹೂಂ ಎಂದು ತಲೆಯಾಡಿಸಿದ.

ವರದಿಗೆ ಅವನು ಕಾಯಲಿಲ್ಲ. ಪಕ್ಕದ ತೋಟದವನು ಹಾಗೆ ಕಾಯುತ್ತ ಕೂತು ಅರ್ಧ ತೋಟ ಕಳೆದುಕೊಂಡಿದ್ದ. ವರದಿ ಬಂದು ತಂಗಿ ಫೋನ್ ಮಾಡುವಷ್ಟರಲ್ಲಿ ಬೇಲಿ ಸಾಲು ನೆಲಕ್ಕುರುಳಿ, ಹಿತ್ತಲ ಮರದ ಬುಡವನ್ನೂ ಅಗೆದು ತೆಗೆದಾಗಿತ್ತು.

"ಯಾಕಣ್ಣ ಅವಸರ ಮಾಡಿದೆ?"

"ನನ್ನ ತಂಗಿ ಹೇಳಿದ್ಮೇಲೆ ಇನ್ಯಾರನ್ನ ಕೇಳ್ಬೇಕಿತ್ತು? ನಿಮ್ಮತ್ತಿಗೆ ಅತ್ತಳು. ಆದ್ರೂ ಅವಳೇ ಹೇಳಿದ್ಲು, ಪುಟ್ಟಿ ಸುಮ್ಮನೆ ಹೇಳೋಳಲ್ಲ, ಕಡೀರಿ ಅಂತ."

ತಂಗಿಯ ಕೈಯಲ್ಲಿ ವರದಿ ಇತ್ತು. ಬೇಲಿ ಸಾಲಿಗೆ ರೋಗ ನಿಜ. ಹಿತ್ತಲ ಮರಕ್ಕೆ ಏನೂ ಇರಲಿಲ್ಲ. ಅಲ್ಲಿ ಬಚ್ಚಲ ನೀರಿನ ಪೈಪ್ ಹೂಳಲು ಅಗೆದಿದ್ದದ್ದು ತಂಗಿಗೆ ಆಗ ನೆನಪಾಯಿತು; ಬೇರು ತುಂಡಾಗಿ ಮರ ಬಾಯಾರಿತ್ತು, ಅಷ್ಟೆ. ಬಾಯಾರಿದ ಎಲೆಯನ್ನೂ ರೋಗದ ಎಲೆಯನ್ನೂ ಕ್ಯಾಮೆರಾ ಒಂದೇ ಬಣ್ಣದಲ್ಲಿ ತೋರಿಸಿತ್ತು.

ತಂಗಿ ಅದನ್ನು ಹೇಳಿದಾಗ ಅಣ್ಣ, "ಅವಳಿಗೆ ಹೇಳ್ಬೇಡ. ಹೋದದ್ದು ಹೋಯ್ತು," ಎಂದ.

ತಂಗಿಗೆ ಅದು ಸರಿ ಎನ್ನಿಸಲಿಲ್ಲ. ಮುಚ್ಚಿಟ್ಟರೆ ಇನ್ನು ಆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ಹೊರಟೇ ಬಂದಳು. ಅತ್ತಿಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಮರವಿದ್ದ ಜಾಗದಲ್ಲಿ ಹಸಿಮಣ್ಣು ಇನ್ನೂ ಕುಸಿದೇ ಇತ್ತು. ತಂಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದಳು.

ಅತ್ತಿಗೆಯ ಕೈ ನಿಂತಿತು.

"ಹಾಗಾದ್ರೆ ನೀರು ಹಾಕಿದ್ರೆ ಸಾಕಿತ್ತಾ?"

"ಸಾಕಿತ್ತು ಅತ್ತಿಗೆ."

"ಪಾತ್ರೆ ತೊಳೆದ ನೀರು ದಿನಾ ಇಲ್ಲೇ ಚೆಲ್ತಿದ್ದೆ," ಎಂದಳು ಅತ್ತಿಗೆ. "ಪೈಪ್ ಹಾಕಿದ್ಮೇಲೆ ಎಲ್ಲಾ ಅದರಲ್ಲೇ ಹೋಗ್ತಿತ್ತು."

ಬೈದಿದ್ದರೆ ತಂಗಿಗೆ ಎಷ್ಟೋ ಹಗುರವಾಗುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಕೈ ತೊಳೆದುಕೊಂಡು ಎದ್ದು, ಸೆರಗಿಗೆ ಒರೆಸಿಕೊಳ್ಳುತ್ತ, "ಒಳಗೆ ಬನ್ನಿ, ಬಿಸಿಲಿದೆ," ಎಂದಳು. ತಂಗಿಗೆ ಲಂಗ ಹಾಕುವ ವಯಸ್ಸಿನಿಂದ ಜಡೆ ಹೆಣೆದು, ಪುಟ್ಟಿ ಎಂದು ಕರೆದು, ತಲೆಗೆ ಮೊಟಕಿ ಬೆಳೆಸಿದವಳು ಅವಳು. ಆ ಬಹುವಚನ ತಂಗಿಯ ಎದೆಗೆ ಚುಚ್ಚಿತು. ಒಳಗೆ ಹೋಗಿ ಕೊಟ್ಟ ಚಹಾ ಕುಡಿದಳು. ರುಚಿ ತಿಳಿಯಲಿಲ್ಲ.

ಬೇಲಿ ಸಾಲು ಹೋದದ್ದರಿಂದ ಉಳಿದ ತೋಟ ಬದುಕಿತು. ಮುಂದಿನ ಬೆಳೆಗೆ ಆ ಸುತ್ತಿನಲ್ಲಿ ಮೈತುಂಬ ಹಣ್ಣು ಬಿಟ್ಟದ್ದು ಅಣ್ಣನ ತೋಟವೊಂದೇ. ಜನ ಬಂದು ನೋಡಿ ತಂಗಿಯನ್ನು ಹೊಗಳಿದರು, ತಮ್ಮ ತೋಟಕ್ಕೂ ಕರೆದರು. ಅವಳು ಹೋದಳು. ಹೋದಲ್ಲೆಲ್ಲ, ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲೇ, ವರದಿ ಬರುವವರೆಗೂ ಮರ ಮುಟ್ಟುವುದಿಲ್ಲವೆಂದು ಮನೆಯವರಿಂದ ಮಾತು ತೆಗೆದುಕೊಂಡಳು.

ಅಣ್ಣ ಒಳ್ಳೆಯ ನರ್ಸರಿಯಿಂದ ಕಸಿ ಗಿಡ ತಂದು ಹಿತ್ತಲಲ್ಲಿ ನೆಟ್ಟ. ಸಿಹಿ ಜಾತಿಯದು. ಅತ್ತಿಗೆ ಅದಕ್ಕೆ ಮರೆಯದೆ ನೀರು ಹಾಕುತ್ತಾಳೆ. ಪಾತ್ರೆ ಉಜ್ಜುವಾಗ ಮಾತ್ರ ಈಗ ಅಲ್ಲಿ ಯಾವ ಮಾತೂ ಕೇಳಿಸುವುದಿಲ್ಲ.