ಎತ್ತಿ ಹಿಡಿದ ತೋಳು

“ಕಣ್ಣು ಬಿಡೇ ಮುಂಡೆ. ರಾತ್ರಿಯೆಲ್ಲಾ ಯಾರ ಹತ್ರ ಬಿದ್ದಿದ್ದೆ?”

ಮೇಸ್ತ್ರಿಯ ಎಂಜಲು ಕೆನ್ನೆಗೆ ಸಿಡಿಯಿತು. ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ಶೆಡ್ಡಿನಲ್ಲಿ, ಜೋತುಬೀಳುವ ರೆಪ್ಪೆಗಳಿಂದಾಗಿ ಅವಳಿಗೆ ತೂಕಡಿಕೆ ಎಂದೇ ಹೆಸರಾಗಿತ್ತು. ಯಾರದೋ ಬೆವರಿನ, ಯಾರದೋ ವಾಂತಿಯ ಕಲೆ ಉಳಿದ ಬಟ್ಟೆ ಬಿಸಿ ತಾಗಿದೊಡನೆ ಮತ್ತೆ ನಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಬಟ್ಟೆ ಎರಡಾಗಿ ಕಾಣುತ್ತಿತ್ತು, ತೋಳು ತನ್ನದಲ್ಲವೆನಿಸುತ್ತಿತ್ತು. ಮೊಣಕೈಯನ್ನು ಮೇಜಿನ ಅಂಚಿಗೆ ಆನಿಸಿ ಅವಳು ಕಾಲ ತಳ್ಳುತ್ತಿದ್ದಳು. ಮೇಸ್ತ್ರಿ ಬಂದರೆ ಮಾತ್ರ ಹಲ್ಲು ಕಚ್ಚಿ ತೋಳೆತ್ತುವಳು. ಕೈ ಸೋತವರೆಂದು ಕಂಡರೆ ಅವರನ್ನು ಅವನು ಮಾರನೆಯ ದಿನ ಗೇಟಿನೊಳಗೆ ಬಿಡುತ್ತಿರಲಿಲ್ಲ.

ಒಂದು ದಿನ ಕುಡಿದ ನೀರು ಮೂಗಿನಿಂದ ಇಳಿದಾಗ, ಪಕ್ಕದ ಮೇಜಿನಲ್ಲಿ ದಿಂಬಿನ ಚೀಲ ಮಡಿಸುತ್ತಿದ್ದ ಅತ್ತಿಗೆ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು.

“ನರ ಹೇಳಿದ್ದು ಸ್ನಾಯುವಿಗೆ ಮುಟ್ತಾ ಇಲ್ಲ,” ಎಂದರು ದೊಡ್ಡ ಡಾಕ್ಟರು. “ಮುಟ್ಟೋ ಜಾಗಾನ ನಿನ್ನ ಮೈಯೇ ಹಾಳು ಮಾಡ್ತಾ ಇದೆ. ದಣಿದಷ್ಟೂ ಜಾಸ್ತಿ, ಮಲಗಿ ಎದ್ರೆ ಕಮ್ಮಿ.”

“ನಿನ್ನ ಮೈಗೂ ಮೇಸ್ತ್ರಿ ಬುದ್ಧಿ ಬಂತಲ್ಲೇ,” ಎಂದಳು ಅತ್ತಿಗೆ.

ಗುಳಿಗೆ ಬರೆದುಕೊಟ್ಟು, ಅಲ್ಲಿ ನಡೆಯುತ್ತಿದ್ದ ಹೊಸ ಚುಚ್ಚುಮದ್ದೊಂದರ ಪರೀಕ್ಷೆಗೆ ಅವಳನ್ನೂ ಸೇರಿಸಿಕೊಂಡರು. ಅರ್ಧ ಜನರಿಗೆ ಮದ್ದು, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚುವವರಿಗೂ ತಿಳಿಯದು. ಕೊನೆಯ ದಿನ ಮೈಯ ಬಲ ಅಳೆದು ನೋಡಿದಾಗ ಸುಧಾರಿಸದೆ ಉಳಿದವರಿಗೆಲ್ಲ ನಿಜವಾದ ಮದ್ದನ್ನೇ ಕೊಡುತ್ತೇವೆ ಎಂದಿದ್ದರು. ತಿಂಗಳುಗಳು ಕಳೆದಂತೆ ಅವಳಿಗೆ ಅಗಿಯುವುದೂ ಕಷ್ಟವಾಯಿತು. ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದು ತಿನ್ನತೊಡಗಿದಳು. ತನ್ನ ಪಾಲಿಗೆ ಬಂದದ್ದು ಉಪ್ಪುನೀರೆಂದು ಅವಳಿಗೆ ಅನುಮಾನವೇ ಉಳಿಯಲಿಲ್ಲ. ಆ ಕೊನೆಯ ದಿನಕ್ಕಾಗಿಯೇ ಅವಳು ಜೀವ ಹಿಡಿದುಕೊಂಡಿದ್ದಳು.

ಆ ದಿನ ಬಂತು. ಹಿಂದಿನ ದಿನ ಕೆಲಸಕ್ಕೆ ಹೋಗಬಾರದೆಂಬುದು ಅವರ ನಿಯಮ. ಮಲಗಿ ಎದ್ದ ಮೈ ಬೆಳಿಗ್ಗೆ ಹಗುರವಾಗಿತ್ತು. ಕೊಟ್ಟ ನೀರು ಗಂಟಲಲ್ಲಿ ತಂಟೆಯಿಲ್ಲದೆ ಇಳಿಯಿತು. ಸುಧಾರಿಸಿದವಳೆಂದು ಬರೆದುಕೊಂಡುಬಿಟ್ಟರೆ ಎಂದು ಅವಳಿಗೆ ದಿಗಿಲಾಯಿತು.

“ಕೈ ಮುಂದಕ್ಕೆ ಚಾಚು,” ಎನ್ನುತ್ತ ಸಣ್ಣ ಡಾಕ್ಟರು ಗಡಿಯಾರ ಹಿಡಿದು ಎದುರು ನಿಂತರು. ತೋಳು ನಡುಗಿತು. ಈಗ ಬೀಳಲಿ, ಬಿದ್ದರೇ ಒಳ್ಳೆಯದು ಎಂದು ಅವಳು ಅಂದುಕೊಂಡಳು. ಅಷ್ಟರಲ್ಲಿ ಡಾಕ್ಟರ ತುಟಿ ಕೊಂಕಿತು.

“ಏನು, ಇಷ್ಟಕ್ಕೇ ಇಳಿಸ್ತೀಯಾ?”

ಅವಳ ಹಲ್ಲು ಕಚ್ಚಿಕೊಂಡಿತು. ಭುಜ ಬಿಗಿಯಿತು. ಗಡಿಯಾರ ಹಿಡಿದ ಗಂಡಸಿನ ಮುಂದೆ ತೋಳು ತಾನಾಗಿ ಇನ್ನಷ್ಟು ಮೇಲೇರಿತು. ಬೇಡ, ಬೇಡ ಎಂದು ಒಳಗೆ ಕೂಗಿಕೊಳ್ಳುತ್ತಲೇ ಅವಳು ಅದನ್ನು ಎತ್ತಿ ಹಿಡಿದೇ ಇದ್ದಳು, ಅವರು ಸಾಕು ಎನ್ನುವವರೆಗೂ.

“ಭೇಷ್. ತುಂಬಾ ಸುಧಾರಿಸಿದ್ದೀಯ. ನಿಂಗೆ ಇನ್ನು ಹೊಸ ಮದ್ದು ಬೇಕಾಗಲ್ಲ, ಹಳೇ ಗುಳಿಗೆ ಸಾಕು.”

ಅತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. “ಎಂಥ ಸುಧಾರಣೆ ಸ್ವಾಮಿ? ಸಂಜೆ ಬಂದು ನೋಡಿ, ದುಡಿದ ಮೇಲೆ ನೋಡಿ. ಎಂಜಲು ನುಂಗೋಕಾಗಲ್ಲ ಇವಳಿಗೆ.”

“ಅಳತೆ ಬೆಳಿಗ್ಗೇನೇ ಆಗ್ಬೇಕಮ್ಮ. ಎಲ್ಲಾರ್ಗೂ ಒಂದೇ ನಿಯಮ.”

“ಎಲ್ಲಾರೂ ಬೆಳಿಗ್ಗೆ ಮಾತ್ರ ಬದುಕಿರ್ತಾರಾ?”

ಸಣ್ಣ ಡಾಕ್ಟರು ನಕ್ಕು ಹೊರಗೆ ಹೋದರು. ಅವಳು ತನ್ನ ತೋಳನ್ನೇ ನೋಡುತ್ತ ಕುಳಿತಳು. ಒಂದು ಹಳೆಯ ನಾಯಿ ತನ್ನನ್ನು ಬಿಟ್ಟು ಮೇಸ್ತ್ರಿಯ ಹಿಂದೆ ಹೋದಂತೆನಿಸಿತು.

ಮನೆಗೆ ಹೋಗಗೊಡಲಿಲ್ಲ. ಮದ್ದಿನ ಕಂಪನಿಯ ದೊಡ್ಡವರು ಬರುತ್ತಾರೆ, ಸುಧಾರಿಸಿದ ಒಬ್ಬ ರೋಗಿಯನ್ನಾದರೂ ಅವರಿಗೆ ತೋರಿಸಬೇಕು ಎಂದರು. ಬೆಂಚಿನ ಮೇಲೆ ಕೂತು ಕೂತು ಮಧ್ಯಾಹ್ನ ಜಾರಿತು. ಬಂದು ಹೋದವರೆಲ್ಲ ಕೇಳಿದ್ದನ್ನೇ ಕೇಳಿದರು. ಉತ್ತರ ಕೊಟ್ಟು ಕೊಟ್ಟು ಅವಳ ಮಾತು ಮೂಗಿನಲ್ಲಿ ಬರತೊಡಗಿತು, ರೆಪ್ಪೆ ಬಿತ್ತು.

ಕೊನೆಗೆ ತಣ್ಣನೆಯ ಕೋಣೆಗೆ ಕರೆದರು. ಹೊಳೆಯುವ ಮೇಜು, ಅದರ ಸುತ್ತ ಇಸ್ತ್ರಿ ಮುರಿಯದ ಅಂಗಿಗಳು, ಅತ್ತರಿನ ವಾಸನೆ.

“ಇವಳು ಮೊದಲು ನೀರು ಕುಡಿದ್ರೂ ಮೂಗಿಂದ ಬರ್ತಿತ್ತು,” ಎಂದರು ದೊಡ್ಡ ಡಾಕ್ಟರು, ಮಾರಾಟಕ್ಕಿಟ್ಟ ಎಮ್ಮೆಯ ಬೆನ್ನು ತಟ್ಟುವಂತೆ ಅವಳ ಬೆನ್ನು ತಟ್ಟುತ್ತ. “ಇವತ್ತು ನೀವೇ ನೋಡಿ. ಟೀ ತಗೋಮ್ಮ, ನಾಚ್ಕೋಬೇಡ.”

“ಕುಡೀಬೇಡ ಕಣೇ,” ಎಂದು ಅತ್ತಿಗೆ ಬಾಗಿಲಿನಿಂದಲೇ ಪಿಸುಗುಟ್ಟಿದಳು. “ಹೊತ್ತಾಗಿದೆ, ಉಸಿರಿಗೆ ಹೋಗ್ಬಿಡತ್ತೆ.”

ಆಗಲ್ಲ ಅಂದರೆ ಮುಗಿಯುತ್ತಿತ್ತು. ಹಾಗೆ ಹೇಳಿದ್ದನ್ನು ಈ ಜನ ಎಂದಾದರೂ ನಂಬಿದ್ದರೇ? ಎರಡೂ ಕೈಯಿಂದ ಲೋಟ ಎತ್ತಿ ಅವಳು ಬಾಯಿ ತುಂಬಿಸಿಕೊಂಡಳು. ಟೀ ಗಂಟಲಿನ ತನಕ ಹೋಗಿ ಹಿಂತಿರುಗಿತು. ಮೂಗಿನ ಎರಡೂ ಹೊಳ್ಳೆಗಳಿಂದ ಸಿಂಬಳದೊಡನೆ ಧಾರೆಯಾಗಿ ಹೊಳೆಯುವ ಮೇಜಿನ ಮೇಲೆ ಸುರಿಯಿತು. ಅಂಗಿಯೊಂದು ಕುರ್ಚಿ ಸಮೇತ ಹಿಂದೆ ಸರಿಯಿತು. ಯಾರೋ “ಥೂ” ಎಂದರು.

“ಒರೆಸ್ಕೊಳ್ಳೇ, ಅಸಹ್ಯ,” ಎಂದರು ದೊಡ್ಡ ಡಾಕ್ಟರು ಹಲ್ಲಿನ ಸಂದಿಯಿಂದ.

ಅವಳು ಒರೆಸಿಕೊಳ್ಳಲಿಲ್ಲ. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತ್ತು. ಉಸಿರು ಮರಳುವವರೆಗೆ ಮೇಜು ಹಿಡಿದು ನಿಂತಳು. ಆಮೇಲೆ ಒಂದು ಬೆರಳಿನಿಂದ ಬಲಗಣ್ಣಿನ ರೆಪ್ಪೆಯನ್ನು ಎತ್ತಿ ಹಿಡಿದು, ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ, ಇನ್ನೊಂದು ಕೈಯಿಂದ ಲೋಟವನ್ನು ಮತ್ತೆ ಬಾಯಿಗಿಟ್ಟಳು.